ಜಲಜಾಕ್ಷಿ ಈಜು ಕಲಿತದ್ದು

ಮದುವೆಯಾಗಿ ಮುಂಬೈ ಬಳಿಯ ಕಲ್ಯಾಣಕ್ಕೆ ಬಂದ ಮೊದಲ ದಿನ ಜಲಜಾಕ್ಷಿ ಗಂಡನನ್ನು ಕೇಳಿದ ಮೊದಲ ಪ್ರಶ್ನೆ, "ನದಿ ಎಲ್ಲುಂಟು?" ಎಂದು. ಗಂಡನ ಮನೆಯಿರುವ ಚಾಳು, ಅಂದರೆ ಸಾಲುಮನೆಗಳ ವಠಾರ, ವಾಲಧುನಿ ನದಿಯ ದಡದಲ್ಲಿದೆ ಎಂದು ಮದುವೆ ಮಾತುಕತೆಯಲ್ಲಿ ಯಾರೋ ಹೇಳಿದ್ದರು. ಗಂಡ ಚೆನ್ನಯ ಹಿಂದಿನ ಗೋಡೆಯಾಚೆ ಕೈ ತೋರಿಸಿದ. ಅಲ್ಲಿದ್ದದ್ದು ಪ್ಲಾಸ್ಟಿಕ್ ಚೀಲಗಳು ಸಿಕ್ಕಿಕೊಂಡ, ಕಪ್ಪು ನೀರಿನ ಒಂದು ತೋಡು. "ಇದಾ ನದಿ?" ಎಂದು ಅವಳು ಸೆರಗು ಬಾಯಿಗೆ ಹಿಡಿದು ನಕ್ಕಿದ್ದಳು. ಒಂದು ಬದಿಗೆ ಹೊಳೆ, ಇನ್ನೊಂದು ಬದಿಗೆ ಕಡಲು ಇರುವ ಹೆಜಮಾಡಿಯಲ್ಲಿ ಹುಟ್ಟಿದವಳಿಗೆ ನಗು ಬರದೆ ಇರುತ್ತದೆಯೇ?

ಹಾಗೆಂದು ಅವಳಿಗೆ ಈಜು ಬರುತ್ತಿತ್ತು ಎಂದಲ್ಲ. ಅಣ್ಣಂದಿರು ಹೊಳೆಗೆ ಹಾರುವಾಗ ಅವಳು ದಡದಲ್ಲಿ ಅವರ ಅಂಗಿ ಕಾಯುತ್ತ ಕೂತವಳು. ಹೆಣ್ಣುಮಕ್ಕಳು ನೀರಿಗೆ ಇಳಿಯುವ ಪದ್ಧತಿ ಅವರ ಮನೆಯಲ್ಲಿರಲಿಲ್ಲ. ಹೆಸರಿನಲ್ಲಿ ಜಲವಿದ್ದರೂ ಮೊಣಕಾಲಿಗಿಂತ ಮೇಲಿನ ನೀರಿನಲ್ಲಿ ಅವಳು ಯಾವತ್ತೂ ನಿಂತದ್ದಿಲ್ಲ.

ಚೆನ್ನಯ ಠಾಣೆಯ ವರ್ತಕ ನಗರದ ಹೋಟೆಲೊಂದರಲ್ಲಿ ಮ್ಯಾನೇಜರ್. ಬೆಳಗ್ಗಿನ ಲೋಕಲ್ ಹಿಡಿದು ಹೋದರೆ ಮನೆಗೆ ಬರುವಾಗ ಕತ್ತಲೆ. ಜಲಜಾಕ್ಷಿ ಮನೆಯಲ್ಲೇ ಮಿಷನ್ ಇಟ್ಟುಕೊಂಡು ಸೀರೆಗೆ ಫಾಲ್-ಬೀಡಿಂಗ್ ಮಾಡುತ್ತಿದ್ದಳು, ಬ್ಲೌಸ್ ಹೊಲಿಯುತ್ತಿದ್ದಳು. ಮಗಳು ನಿಶ್ಮಿತಾ ಹುಟ್ಟಿದ್ದು, ಶಾಲೆಗೆ ಹೋದದ್ದು, ಬೇಲಾಪುರದ ಆಫೀಸಿನಲ್ಲಿ ಕೆಲಸಕ್ಕೆ ಸೇರಿದ್ದು ಎಲ್ಲ ಚಾಳಿನ ಕೆಳ ಅಂತಸ್ತಿನ ಆ ಒಂದೇ ಕೋಣೆಯ ಖೋಲಿಯಿಂದ. ಮಳೆಗಾಲದಲ್ಲಿ ಹೊಸ್ತಿಲ ತನಕ ನೀರು ಬಂದು ಹೋಗುವುದು ಆ ಚಾಳಿನವರಿಗೆ ಹೊಸದೇನಲ್ಲ. ಬಾಗಿಲಿಗೆ ಒಂದು ಹಲಗೆ ಅಡ್ಡ ಇಟ್ಟು, ಗೋಣಿಚೀಲ ತುರುಕಿ, ಚಹಾ ಕುಡಿಯುತ್ತ ಕೂತರೆ ಸಾಯಂಕಾಲದೊಳಗೆ ನೀರು ತಾನಾಗಿ ಇಳಿಯುತ್ತಿತ್ತು.

ಆದರೆ ಕೆಲವು ವರ್ಷಗಳ ಹಿಂದಿನ ಒಂದು ಜುಲೈ ಹಾಗಿರಲಿಲ್ಲ. ಮೇಲೆ ಮಳೆ, ಕೆಳಗೆ ನದಿ ಸೇರುವ ಖಾಡಿಯ ಹಿನ್ನೀರಿನಲ್ಲಿ ಭರತಿ. ಸಮುದ್ರ ಉಬ್ಬಿದ್ದರಿಂದ ನದಿಯ ನೀರಿಗೆ ಹೋಗಲು ದಾರಿಯಿಲ್ಲದೆ ಅದು ಹಿಂದಕ್ಕೆ ತಿರುಗಿತು. ಮಧ್ಯಾಹ್ನ ಊಟಕ್ಕೆ ತಟ್ಟೆ ಇಡುವ ಹೊತ್ತಿಗೆ ಹಲಗೆ ಕಿತ್ತುಬಂತು. ಜಲಜಾಕ್ಷಿ ಮೊದಲು ಅಕ್ಕಿ ಡಬ್ಬ ಮೇಲಿಟ್ಟಳು, ಗಿರಾಕಿಗಳ ಸೀರೆ ಮೇಲಿಟ್ಟಳು, ಆಮೇಲೆ ತಾನು ಹೊಲಿಗೆ ಮಿಷನ್ನಿನ ಟೇಬಲ್ ಹತ್ತಿ ನಿಂತಳು. ನಿಂತದ್ದೇ ನಿಂತದ್ದು. ನೀರು ಟೇಬಲ್ ಮುಟ್ಟಿತು, ಅವಳ ಪಾದ ಮುಟ್ಟಿತು, ಮೊಣಕಾಲು ಮುಟ್ಟಿತು. ಬಾಗಿಲು ತೆರೆದೇ ಇತ್ತು, ಮೆಟ್ಟಿಲು ಪ್ಯಾಸೇಜಿನ ಆ ತುದಿಗೆ. ಆಗ ಹೊರಟಿದ್ದರೆ ನಡೆದೇ ಹೋಗಬಹುದಿತ್ತು. ಆದರೆ ಕೈಕಾಲು ಅವಳ ಮಾತು ಕೇಳಲಿಲ್ಲ.

ಮೇಲಿನ ಅಂತಸ್ತಿನ ಮಹಾದೇವಪ್ಪ ಎದೆಮಟ್ಟದ ನೀರಿನಲ್ಲಿ ಬಂದು ನೋಡದಿದ್ದರೆ ಏನಾಗುತ್ತಿತ್ತೋ. ವಿಜಾಪುರದ ಕಡೆಯವರು, ರೈಲ್ವೆ ಶೆಡ್ಡಿನಲ್ಲಿ ದುಡಿದು ನಿವೃತ್ತರಾದವರು. "ಅಕ್ಕಾರ, ನನ್ನ ಹೆಗಲ ಹಿಡೀರಿ, ಕಣ್ಣ ಮುಚ್ಚರಿ, ಅಷ್ಟ ಸಾಕು" ಎಂದರು. ಅವಳು ಹಿಡಿದಳು. ಮೆಟ್ಟಿಲ ಮೇಲೆ ಇಳಿಸಿದ ಮೇಲೂ ಬಿಡಲಿಲ್ಲ. ಅವರ ಹೆಂಡತಿ ಬಂದು ಒಂದೊಂದೇ ಬೆರಳು ಬಿಡಿಸಬೇಕಾಯಿತು.

ಜೀವ ಉಳಿಯಿತು. ಮನೆ ತೊಳೆದದ್ದಾಯಿತು, ಮಿಷನ್ನಿಗೆ ಹೊಸ ಮೋಟಾರು ಬಂತು, ಗೋಡೆಗೆ ಸುಣ್ಣ ಬಂತು. ನೀರು ನಿಂತ ಗುರುತು ಮಾತ್ರ ಗೋಡೆಯಿಂದ ಅಳಿಸಿ ಅವಳೊಳಗೆ ಹೋಗಿ ಕೂತಿತು.

ಮುಂದಿನ ವರ್ಷ ಮೇ ತಿಂಗಳಲ್ಲೇ ಶುರುವಾಯಿತು. ಮೋಡ ಕಂಡರೆ ಎದೆ ಬಡಿದುಕೊಳ್ಳುವುದು. ಮಳೆ ಬಿದ್ದರೆ ಮಿಷನ್ ನಿಲ್ಲಿಸಿ ಹಿಂದಿನ ಗೋಡೆಯ ಹತ್ತಿರ ಹೋಗಿ ಇಣುಕುವುದು, ಮತ್ತೆ ಬಂದು ಕೂರುವುದು, ಮತ್ತೆ ಏಳುವುದು. ಟಿವಿಯಲ್ಲಿ ಆರೆಂಜ್ ಅಲರ್ಟ್ ಎಂದರೆ ಸಾಮಾನೆಲ್ಲ ಮೇಲೆ ಸಾಗಿಸುವುದು. ನೀರು ಬರಲಿಲ್ಲವೆಂದರೆ ಸಮಾಧಾನವಾಗಬೇಕಲ್ಲ? ಅದೂ ಆಗುತ್ತಿರಲಿಲ್ಲ. ಇವತ್ತು ಬರಲಿಲ್ಲ, ಅಂದರೆ ನಾಳೆ ಬರುತ್ತದೆ ಎಂಬ ಲೆಕ್ಕ. ಬ್ಲೌಸಿನ ತೋಳು ತಿರುಗುಮುರುಗು ಹೊಲಿದು ಗಿರಾಕಿಯಿಂದ ಮಾತು ಕೇಳಿದ್ದೂ ಆಯಿತು.

"ಮಮ್ಮಿ, ಅಪನ್ ಶಿಫ್ಟ್ ಕರ್ತೇ ಹೈ ನಾ" ಎಂದಳು ನಿಶ್ಮಿತಾ. "ಮನೆ ಬದಲಿಸುವಾ, ಘಣಸೋಲಿಯಲ್ಲಿ ರೂಮ್ ನೋಡುವಾ. ನನ್ನ ಆಫೀಸಿಗೂ ಹತ್ತಿರ."

ಆದರೆ ಇದ್ದ ಖೋಲಿ ಸ್ವಂತದ್ದು. ಬಿಲ್ಡಿಂಗ್ ರೀಡೆವಲಪ್‌ಮೆಂಟ್‌ಗೆ ಹೋಗುತ್ತದೆ ಎಂದು ನಿಶ್ಮಿತಾ ಹತ್ತನೇ ಕ್ಲಾಸಿನಲ್ಲಿದ್ದಾಗಿನಿಂದ ಹೇಳುತ್ತಲೇ ಇದ್ದರು. ಬಿಟ್ಟು ಹೋದರೆ ಹೊಸ ಕಟ್ಟಡದಲ್ಲಿ ಸಿಗುವ ಮನೆಯ ಹಕ್ಕು ಹೋಗುವ ಭಯ, ಇದ್ದರೆ ನೀರಿನ ಭಯ. ಚೆನ್ನಯ ಹೆಚ್ಚು ಮಾತಿನವನಲ್ಲ. "ಬರುವ ನೀರು ಬಂದೇ ಬರ್ತದೆ. ನಾವು ಕಾಯುವ ರೀತಿ ಮಾತ್ರ ನಮ್ಮ ಕೈಯಲ್ಲಿರುವುದು" ಎಂದ. ಆವತ್ತು ಅವಳಿಗೆ ಅವನ ಮೇಲೆ ಕೋಪವೇ ಬಂತು. ಠಾಣೆಯಲ್ಲಿ ಫ್ಯಾನಿನ ಕೆಳಗೆ ಕೂತವರಿಗೆ ಹೀಗೆಲ್ಲ ಹೇಳಲು ಏನು ಕಷ್ಟ!

ಡೊಂಬಿವಿಲಿಯಲ್ಲಿ ಕಾಂಚನಾ ಎಂಬ ಗಿರಾಕಿಯಿದ್ದಳು. ಬ್ಯಾಂಕಿನಲ್ಲಿ ಕೆಲಸ, ಮಂಡಿ ನೋವು, ಬಾಯಿ ಬಿಟ್ಟರೆ ನಗು. ಹೊಲಿದ ಬ್ಲೌಸ್ ಕೊಡಲು ಹೋದ ಜಲಜಾಕ್ಷಿ ಒಂದು ಏಪ್ರಿಲ್ ಮಧ್ಯಾಹ್ನ ಅವಳ ಮನೆಯಲ್ಲಿ ನೀರು ಕುಡಿಯುತ್ತಿದ್ದಾಗ, ಕಾಂಚನಾ ಟವೆಲ್ಲು ಚೀಲಕ್ಕೆ ತುಂಬುತ್ತಿದ್ದಳು.

"ಎಲ್ಲಿಗೆ ಹೊರಟಿರಿ?"

"ಸ್ವಿಮ್ಮಿಂಗಿಗೆ. ಮಹಾನಗರಪಾಲಿಕೆಯ ಪೂಲ್‌ನಲ್ಲಿ ಲೇಡೀಸ್ ಬ್ಯಾಚ್ ಇದೆ. ಡಾಕ್ಟರ್ ಹೇಳಿದ್ರು, ಮಂಡಿಗೆ ಒಳ್ಳೇದು ಅಂತ. ನೀವೂ ಬನ್ನಿ ಜಲಜಕ್ಕ, ಸುಮ್ನೆ ನೋಡಿ."

"ಅಯ್ಯೋ, ನನಗೆ ನೀರು ಅಂದ್ರೆ ಆಗುವುದಿಲ್ಲ."

"ಆಗೋದಿಲ್ಲ ಅಂದ್ರೆ?"

ಯಾರಿಗೂ ಪೂರ್ತಿ ಹೇಳದಿದ್ದುದನ್ನು ಜಲಜಾಕ್ಷಿ ಅಂದು ಆ ಗಿರಾಕಿಗೆ ಹೇಳಿದಳು. ಟೇಬಲ್ ಮೇಲೆ ನಿಂತದ್ದು, ಕಾಲು ಅಲುಗಾಡದೆ ಹೋದದ್ದು, ಈಗಲೂ ಸ್ನಾನಕ್ಕೆ ತಲೆಯ ಮೇಲೆ ನೀರು ಸುರಿದುಕೊಳ್ಳುವಾಗ ಉಸಿರು ಕಟ್ಟುವುದು. ಕಾಂಚನಾ ನಗಲಿಲ್ಲ. ಚೀಲ ಹೆಗಲಿಗೇರಿಸಿ, "ಏಳಿ" ಎಂದಳು. "ನಮ್ಮ ಮ್ಹಾತ್ರೆ ಮೇಡಂಗೆ ಇದನ್ನೇ ಹೇಳಿ."

ಈಜು ಕಲಿಸುವ ಮ್ಹಾತ್ರೆ ಮೇಡಂ ಅಲ್ಲೇ ಖಾಡಿ ಬದಿಯ ಹಳ್ಳಿಯ ಆಗರಿ ಸಮುದಾಯದವರು. ಅಪ್ಪ ಮೀನು ಹಿಡಿಯುತ್ತಿದ್ದವರು. ಕಂದು ಬಣ್ಣದ, ಗಟ್ಟಿಮುಟ್ಟಾದ ಹೆಂಗಸು. ಕುತ್ತಿಗೆಯಲ್ಲಿ ಸೀಟಿ. ಜಲಜಾಕ್ಷಿ ತನ್ನ ಒಡಕು ಮರಾಠಿಯಲ್ಲಿ ಹೇಳಿದ್ದನ್ನೆಲ್ಲ ಕೇಳಿ, "ನಾಂವ್ ಕಾಯ್?" ಎಂದರು. ಹೆಸರು ಕೇಳಿ ಹುಬ್ಬೇರಿಸಿ, "ಹೆಸರಲ್ಲಿ ಇಷ್ಟು ನೀರಿಟ್ಟುಕೊಂಡು ನನ್ನ ಹತ್ತಿರ ಬರಲು ಇಷ್ಟು ವರ್ಷ ಬೇಕಾಯಿತಾ?" ಎಂದು ಮರಾಠಿಯಲ್ಲೇ ಗದರಿದರು. "ಸೋಮವಾರದಿಂದ ಬಾ."

ಉಡುಪಿನದೇ ಒಂದು ದೊಡ್ಡ ಕಥೆ. ಅಂಗಡಿಯಲ್ಲಿ ಸಿಗುವ ಈಜುಡುಗೆ ನೋಡಿ ಜಲಜಾಕ್ಷಿ ಮುಖ ತಿರುಗಿಸಿದಳು. ಆಮೇಲೆ ಉಲ್ಹಾಸನಗರದಿಂದ ಎಳೆದರೆ ಹಿಗ್ಗುವ ಬಟ್ಟೆ ತಂದು, ಮೊಣಕೈ ಮುಚ್ಚುವ, ಪಾದದ ಗಂಟಿನ ತನಕ ಬರುವ ಉಡುಪನ್ನು ತಾನೇ ಹೊಲಿದಳು. ಅದನ್ನು ಹಾಕಿಕೊಂಡು ಕನ್ನಡಿಯ ಮುಂದೆ ನಿಂತಿದ್ದಾಗ ಚೆನ್ನಯ ಒಳಗೆ ಬಂದ. ಹಿಂದೆಮುಂದೆ ನೋಡಿದ.

"ಎಂತ ಮಾರಾಯ್ತಿ ಇದು?"

"ಈಜಲಿಕ್ಕೆ."

"ಯಾರು?"

"ನಾನು."

ಅವನು ಮಂಚದ ಮೇಲೆ ಕೂತ. ನಗುತ್ತಾನೆ ಎಂದುಕೊಂಡಳು. ನಗಲಿಲ್ಲ. "ಆವತ್ತು ನಾನು ಠಾಣೆಯಲ್ಲಿ ಇದ್ದೆ. ಫೋನು ತಾಗುತ್ತಿರಲಿಲ್ಲ. ಗಲ್ಲೆಯಲ್ಲಿ ಕೂತು ಗಿರಾಕಿಗಳಿಗೆ ಚಿಲ್ಲರೆ ಕೊಡ್ತಾ ಇದ್ದೆ. ಲೆಕ್ಕ ಮಾತ್ರ ತಪ್ಪುತ್ತಾ ಇತ್ತು" ಎಂದ. ಅದುವರೆಗೆ ಅವನು ಅದನ್ನು ಹೇಳಿರಲಿಲ್ಲ. "ಹೋಗು, ಕಲಿ. ಸಂಜೆಗೆ ನಾನೇ ಬಂದು ಅನ್ನ ಇಡ್ತೇನೆ." ಫ್ಯಾನಿನ ಕೆಳಗೆ ಕೂತವನ ಮೇಲೆ ಅವಳಿಗಿದ್ದ ಕೋಪ ಅಂದೇ ಕರಗಿತು.

ಮೊದಲ ವಾರವೆಲ್ಲ ಅವಳು ಕೊಳದ ಅಂಚಿನ ಕಂಬಿ ಹಿಡಿದು ಸೊಂಟಮಟ್ಟದ ನೀರಿನಲ್ಲಿ ನಿಂತೇ ಕಳೆದಳು. ಪಕ್ಕದಲ್ಲಿ ಶಾಲೆಯ ಪುಟ್ಟ ಹುಡುಗಿಯರು ಕಪ್ಪೆಗಳಂತೆ ಧುಮುಕುತ್ತಿದ್ದರು. ಮೇಡಂ ಅವಸರ ಮಾಡಲಿಲ್ಲ. ಮುಖ ನೀರಿಗಿಟ್ಟು ಬಾಯಿಯಿಂದ ಫೂ ಎಂದು ಗಾಳಿ ಊದುವುದು, ಅಷ್ಟೇ ಪಾಠ. "ಹೆದರಿದವರು ಉಸಿರು ಹಿಡಿಯುತ್ತಾರೆ. ಹಿಡಿದರೆ ಮೈ ಕಲ್ಲಾಗುತ್ತದೆ. ಬಿಡು" ಎನ್ನುತ್ತಿದ್ದರು. ಎರಡನೆಯ ವಾರ ಬೆನ್ನಿನ ಕೆಳಗೆ ತಮ್ಮ ಅಂಗೈ ಇಟ್ಟು ಅವಳನ್ನು ನೀರಿನ ಮೇಲೆ ಮಲಗಿಸಿದರು. ಜಲಜಾಕ್ಷಿ ಒದ್ದಾಡಿದಳು, ನೀರು ಕುಡಿದಳು, ಮೇಡಂ ಅವರ ಕುತ್ತಿಗೆ ತಬ್ಬಿದಳು. ಮರುದಿನ ಮತ್ತೆ ಅದೇ.

"ಪಾಣೀ ತುಲಾ ಉಚಲ್ತಂ ಗಂ" ಎಂದು ಮೇಡಂ ಪ್ರತಿದಿನವೂ ಕಿವಿಯ ಹತ್ತಿರ ಹೇಳುತ್ತಿದ್ದರು. ನೀರೇ ನಿನ್ನನ್ನು ಎತ್ತುತ್ತದೆ ಕಣೇ, ನೀನು ಸುಮ್ಮನಿರು ಅಷ್ಟೆ.

ಒಂದು ದಿನ ಹಾಗೆ ಮಲಗಿ ಆಕಾಶ ನೋಡುತ್ತಿದ್ದಾಗ ಬೆನ್ನ ಕೆಳಗೆ ಅಂಗೈ ಇಲ್ಲ ಎಂದು ಗೊತ್ತಾಯಿತು. ಯಾವಾಗ ತೆಗೆದರೋ ತಿಳಿಯದು. ಕಿವಿ ನೀರಿನಲ್ಲಿ ಮುಳುಗಿ ಲೋಕದ ಗಲಾಟೆಯೆಲ್ಲ ದೂರವಾಗಿತ್ತು. ಅವಳು ತೇಲುತ್ತಿದ್ದಳು. ಕಣ್ಣಿನಿಂದ ನೀರು ಇಳಿಯಿತು. ಕೊಳದ ನೀರಿನಲ್ಲಿ ಅದು ಯಾರಿಗೆ ಕಾಣಬೇಕು? ಮರುದಿನ ಡಬ್ಬ ತುಂಬ ನೀರುದೋಸೆ, ಕಾಯಿ ಚಟ್ನಿ ಮಾಡಿಕೊಂಡು ಹೋದಳು. ಮೇಡಂ ಕೊಳದ ದಂಡೆಯ ಮೇಲೆಯೇ ಕೂತು, ಒದ್ದೆ ಕೈಯಲ್ಲೇ ಎಲ್ಲ ಮುಗಿಸಿದರು.

ಮೇ ಮುಗಿಯುವ ಹೊತ್ತಿಗೆ ಕೊಳದ ಅಗಲವನ್ನು ಹೇಗೋ ದಾಟುವಷ್ಟು ಕಲಿತಳು. "ಇನ್ನು ನೀರು ಬಂದರೆ ಈಜಿಕೊಂಡು ಹೋಗುತ್ತೇನೆ" ಎಂದು ಹೆಮ್ಮೆಯಿಂದ ಹೇಳಿದ ದಿನ ಮೇಡಂ ಮುಖ ಗಂಭೀರವಾಯಿತು.

"ಪ್ರವಾಹದಲ್ಲಿ ಯಾರೂ ಈಜಬಾರದು. ನಾನೂ ಈಜುವುದಿಲ್ಲ. ಅದರಲ್ಲಿ ತಂತಿ ಇರುತ್ತದೆ, ತೆರೆದ ಗಟಾರ ಇರುತ್ತದೆ, ಸೆಳೆತ ಇರುತ್ತದೆ. ನೀರು ಬರುವ ಮೊದಲೇ ಮೇಲೆ ಹತ್ತಬೇಕು. ತಿಳಿಯಿತಾ?"

"ಹಾಗಾದರೆ ನಾನು ಕಲಿತದ್ದು ಯಾಕೆ?"

"ತಲೆ ಮುಳುಗದಿರಲಿ ಅಂತ" ಎಂದರು ಮೇಡಂ, ಹಣೆಗೆ ಬೆರಳು ಮುಟ್ಟಿಸಿ. "ಮೈ ಆಮೇಲೆ ಮುಳುಗುತ್ತದೆ, ಮೊದಲು ಮುಳುಗುವುದು ತಲೆ. ಆವತ್ತು ನಿನ್ನ ಬಾಗಿಲು ತೆರೆದೇ ಇತ್ತು ಅಂದೆಯಲ್ಲ?"

ಆ ಮಾತನ್ನು ಜಲಜಾಕ್ಷಿ ರೈಲಿನಲ್ಲಿ ಮನೆ ತನಕ ಮೆಲುಕು ಹಾಕುತ್ತ ಬಂದಳು. ಮರುದಿನ ಬೆಳಿಗ್ಗೆ ಮೆಟ್ಟಿಲು ಹತ್ತಿ ಮಹಾದೇವಪ್ಪನವರ ಬಾಗಿಲು ಬಡಿದಳು.

"ಅಣ್ಣಾ, ಈ ಸಲ ಮೊದಲೇ ಒಂದಷ್ಟು ಏರ್ಪಾಡು ಮಾಡಿಕೊಳ್ಳುವಾ ಅಂತ."

"ಮಾಡೂಣ್ರಿ ಅಕ್ಕಾರ. ಎಲ್ಲಾರೂ ಮನಸ್ಸಿನಾಗ ಅಂದ್ಕೋತಾರ, ಬಾಯಿ ಬಿಟ್ಟು ಯಾರೂ ಹೇಳೂದಿಲ್ಲ. ನೀವು ಹೇಳಿದ್ದು ಚಲೋ ಆತು."

ಭಾನುವಾರ ಮೆಟ್ಟಿಲ ಮೇಲೆ ಎಲ್ಲರೂ ಕೂತು ಮಾತಾಡಿಕೊಂಡರು. ಕೆಳಗಿನ ಯಾವ ಮನೆಯವರು ಮೇಲಿನ ಯಾವ ಮನೆಗೆ ಹೋಗಬೇಕು, ಮೇನ್ ಸ್ವಿಚ್ ಯಾರು ತೆಗೆಯಬೇಕು ಎಂದು ನಿರ್ಧಾರವಾಯಿತು. ಪ್ಯಾಸೇಜಿನ ಗೋಡೆಯುದ್ದಕ್ಕೂ, ಜಲಜಾಕ್ಷಿಯ ಬಾಗಿಲಿನಿಂದ ಮೆಟ್ಟಿಲ ತನಕ, ಕೊಕ್ಕೆ ಹೊಡೆದು ಮಹಾದೇವಪ್ಪ ದಪ್ಪ ಹಗ್ಗ ಬಿಗಿದರು. ಮಳೆಗಾಲ ಬಂತು. ಅಲರ್ಟುಗಳೂ ಬಂದವು. ಸಾಮಾನು ಮೇಲೇರಿತು, ಕೆಳಗಿಳಿಯಿತು, ಮತ್ತೆ ಏರಿತು. ನೀರು ಬರಲಿಲ್ಲ. ಮುಂದಿನ ವರ್ಷ ಹೊಸ್ತಿಲು ಮುಟ್ಟಿ ಹಿಂದಿರುಗಿತು. ಕೆಲವರು ಹಗ್ಗದ ಮೇಲೆ ಬಟ್ಟೆ ಒಣಗಿಸಿ ನಕ್ಕರು. ಜಲಜಾಕ್ಷಿಯೂ ನಕ್ಕಳು. ಅವಳೂ ಕಾಯುತ್ತಲೇ ಇದ್ದಳು, ಆದರೆ ಕಾಯುತ್ತ ಹೊಲಿಯಲು ಬರುತ್ತಿತ್ತು, ಉಣ್ಣಲು ಬರುತ್ತಿತ್ತು, ಮಳೆಯ ಸದ್ದಿಗೆ ನಿದ್ದೆಯೂ ಬರುತ್ತಿತ್ತು.

ಏರ್ಪಾಡಿಗೆ ಒಪ್ಪದವರು ಒಬ್ಬರೇ, ಪಕ್ಕದ ಖೋಲಿಯ ಮರಾಠಿ ಅಜ್ಜಿ, ಇಂದೂ ಆಜಿ. ಭಾರಿ ಮೈ, ಕೈಯಲ್ಲಿ ವಾಕರ್, ಎರಡೂ ಮಂಡಿ ಸವೆದಿದ್ದವು. ಮಗ ಸೊಸೆ ಕೆಲಸಕ್ಕೆ ಹೋದರೆ ಹಗಲೆಲ್ಲ ಒಬ್ಬರೇ. ಹಿಂದಿನ ಸಲ ನೀರು ಬಂದಾಗ ಗಂಡಸರು ನಾಲ್ಕು ಜನ ಅವರನ್ನು ಅಕ್ಕಿಮೂಟೆಯಂತೆ ಹೊತ್ತು ಸಾಗಿಸಿದ್ದರು. ಸೀರೆ ಬಿಚ್ಚಿಹೋಗಿತ್ತು. ಮೇಲಿನ ಅಂತಸ್ತಿನಲ್ಲಿ ನಿಂತವರೆಲ್ಲ ನೋಡಿದ್ದರು. ನೋಡಿದವರು ಆವತ್ತೇ ಮರೆತರು, ಆಜಿ ಮರೆಯಲಿಲ್ಲ. "ಮತ್ತೆ ನನ್ನನ್ನು ಯಾರೂ ಹೊರುವುದು ಬೇಡ. ನನ್ನ ಮಂಚದ ಮೇಲೆಯೇ ಸಾಯುತ್ತೇನೆ" ಎಂದು ಮರಾಠಿಯಲ್ಲಿ ಹೇಳಿ ಗೋಡೆಗೆ ತಿರುಗಿ ಮಲಗುತ್ತಿದ್ದರು.

ಹಗ್ಗ ಕಟ್ಟಿದ ಮೇಲಿನ ಮೂರನೆಯ ಜುಲೈಯಲ್ಲಿ ನೀರು ಬಂತು. ರಾತ್ರಿಯಿಡೀ ಸುರಿದ ಮಳೆ ಬೆಳಗಾದರೂ ನಿಂತಿರಲಿಲ್ಲ. ರೆಡ್ ಅಲರ್ಟ್. ಅಗ್ನಿಶಾಮಕದ ಗಾಡಿ ಧ್ವನಿವರ್ಧಕದ ಭೋಂಗಾದಲ್ಲಿ ಎಚ್ಚರಿಕೆ ಕೂಗುತ್ತ ಹೋಯಿತು. ಚೆನ್ನಯ ಮುಂಜಾನೆಯ ಲೋಕಲ್‌ನಲ್ಲಿ ಠಾಣೆ ಸೇರಿದ್ದ, ನಿಶ್ಮಿತಾ ಗೆಳತಿಯ ಜೊತೆ ಘಣಸೋಲಿಯಲ್ಲೇ ಉಳಿದಿದ್ದಳು. ಜಲಜಾಕ್ಷಿ ಮಿಷನ್ನಿನ ತಲೆ ಕಳಚಿ ಮೇಲೆ ಸಾಗಿಸಿದಳು, ಗ್ಯಾಸ್ ಬಂದ್ ಮಾಡಿದಳು, ಆಜಿಯ ಬಾಗಿಲಿಗೆ ಹೋದಳು.

"ಆಜಿ, ಈಗಲೇ ನಡೆದೇ ಹೋಗುವಾ. ನಾನು ಹಿಡಿದುಕೊಳ್ತೇನೆ. ಯಾರೂ ಹೊರುವುದಿಲ್ಲ."

"ಎಷ್ಟು ಸಲ ಹೀಗೆ ಹೇಳಿದಿರಿ? ಎಲ್ಲಿ ಬಂತು ನೀರು? ನೀನು ಹೋಗು."

ಮೆಟ್ಟಿಲು ಹತ್ತಿ ಇಳಿದು ಮತ್ತೆರಡು ಸಲ ಕೇಳಿದಳು. ಆಜಿ ಜಪಮಾಲೆ ಹಿಡಿದು ಕೂತಿದ್ದರು, ಕದಲಲಿಲ್ಲ. ಆಜಿಯ ಮಗನಿಗೆ ಫೋನು ಮಾಡಿದರೆ ಅವನು ಕುರ್ಲಾದಲ್ಲಿ ನಿಂತ ರೈಲಿನೊಳಗಿದ್ದ.

ಆಮೇಲೆ ಎಲ್ಲ ಬೇಗ ಬೇಗ ನಡೆಯಿತು. ಹಿಂದಿನ ಗೋಡೆಯ ಬುಡದಿಂದ ನೀರು ಚಿಮ್ಮಿತು. ಮಹಾದೇವಪ್ಪ ಮೇನ್ ಸ್ವಿಚ್ ತೆಗೆದರು. ಕೆಳಗಿನ ಮನೆಯವರೆಲ್ಲ ಹಗ್ಗ ಹಿಡಿದು ಸಾಲಾಗಿ ಮೆಟ್ಟಿಲು ಸೇರಿದರು, ಒಬ್ಬರೂ ಕಿರುಚಲಿಲ್ಲ. ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದಂತೆ ಪ್ಯಾಸೇಜು ತುಂಬಿತು. ಆಜಿಯ ಖೋಲಿಯಿಂದ ವಾಕರ್ ಬಿದ್ದ ಸದ್ದು ಬಂತು, ಆಮೇಲೆ ಸಣ್ಣ ಸ್ವರದಲ್ಲಿ, "ಜಲಜಾ..."

ಮಹಾದೇವಪ್ಪ ಲುಂಗಿ ಎತ್ತಿ ಕಟ್ಟಿದರು. "ನಾ ಹೋಗ್ತೀನ್ರಿ."

"ಬೇಡ ಅಣ್ಣ. ನಿಮ್ಮನ್ನು ಕಂಡರೆ ಅವರು ಮಂಚ ಬಿಡುವುದಿಲ್ಲ. ನೀವು ಇಲ್ಲಿ ಹಗ್ಗದ ತುದಿಯಲ್ಲಿ ನಿಲ್ಲಿ. ನಾನು ಕರೆದರೆ ಬನ್ನಿ."

ನೀರಿಗಿಳಿದಳು. ಮೊಣಕಾಲು ದಾಟಿ ನೀರು ತೊಡೆಗೆ ಬಂದಾಗ ಹಳೆಯದೆಲ್ಲ ಒಮ್ಮೆಲೇ ಬಂದು ಅಡ್ಡ ನಿಂತಿತು. ಅದೇ ವಾಸನೆ, ಅದೇ ತಣ್ಣಗಿನ ಮುಟ್ಟು. ಕಾಲು ನಿಂತಿತು. ಹಗ್ಗ ಹಿಡಿದ ಕೈ ಬಿಗಿಯಿತು. ಆಗ ಉಸಿರು ಹಿಡಿದಿದ್ದೇನೆ ಎಂದು ತಾನೇ ಗಮನಿಸಿದಳು. ಫೂ ಎಂದು ಬಿಟ್ಟಳು. ಇನ್ನೊಮ್ಮೆ ಬಿಟ್ಟಳು. ಕಾಲು ಮುಂದೆ ಹೋಯಿತು. ಎರಡೂ ಕಡೆ ಗೋಡೆಯಿದ್ದುದರಿಂದ ಪ್ಯಾಸೇಜಿನಲ್ಲಿ ಸೆಳೆತ ಹೆಚ್ಚಿರಲಿಲ್ಲ. ಪಾದದಿಂದ ನೆಲ ತಡವಿ ತಡವಿ ನಡೆದಳು.

ಆಜಿಯ ಮಂಚದ ಮೇಲೆ ನೀರು ಹರಿಯುತ್ತಿತ್ತು. ಸೊಂಟದ ತನಕ ನೆನೆದು, ಕಂಬಿ ಹಿಡಿದು, ಬಾಯಿ ತೆರೆದುಕೊಂಡು ಕೂತಿದ್ದರು. ಆ ಮುಖ ಜಲಜಾಕ್ಷಿಗೆ ಚೆನ್ನಾಗಿ ಗೊತ್ತಿತ್ತು. ತನ್ನದೇ ಮುಖ ಅದು.

"ಆಜಿ, ನಾನು ಹೊರುವುದಿಲ್ಲ. ನನ್ನಿಂದ ಆಗುವುದೂ ಇಲ್ಲ. ನೀರೇ ಹೊತ್ತುಕೊಂಡು ಹೋಗ್ತದೆ, ನೀವು ಸುಮ್ಮನೆ ಮಲಗಿ."

ಮೂಲೆಯಲ್ಲಿ ಕುಡಿಯುವ ನೀರಿನ ದೊಡ್ಡ ಖಾಲಿ ಕ್ಯಾನುಗಳು ಎರಡು ತೇಲುತ್ತಿದ್ದವು. ಅವುಗಳ ಮುಚ್ಚಳ ಬಿಗಿದು, ಆಜಿಯ ಎರಡೂ ಕಂಕುಳ ಕೆಳಗೆ ಸೇರಿಸಿ, ದುಪಟ್ಟಾದಿಂದ ಕಟ್ಟಿದಳು. ಸೀರೆಯ ಮೇಲೆ ಹೊದಿಕೆಯೊಂದನ್ನು ಸುತ್ತಿ ಸೊಂಟದಲ್ಲಿ ಗಂಟು ಹಾಕಿದಳು, ಕಾಲಿನ ತನಕ ಮುಚ್ಚುವ ಹಾಗೆ. ಆಜಿಯ ತಲೆಯನ್ನು ತನ್ನ ಭುಜಕ್ಕೆ ಆನಿಸಿ, ಬೆನ್ನ ಕೆಳಗೆ ಅಂಗೈ ಇಟ್ಟು, ಮೆಲ್ಲಗೆ ಮಂಚದಿಂದ ಬಿಡಿಸಿದಳು. ಆಜಿ ಒಮ್ಮೆ ಒದ್ದಾಡಿದರು. "ಮೇಲೆ ನೋಡಿ, ಛಾವಣಿ ನೋಡಿ. ಉಸಿರು ಬಿಡಿ. ಪಾಣೀ ಉಚಲ್ತಂ, ಆಜಿ."

ನೀರು ಎತ್ತಿತು. ನಾಲ್ಕು ಗಂಡಸರು ಏದುಸಿರು ಬಿಡುತ್ತ ಹೊತ್ತ ಮೈ ಅವಳ ಒಂದು ಕೈಯ ಆಸರೆಯಲ್ಲಿ ಹೂವಿನಂತೆ ಹೊರಟಿತು. ಇನ್ನೊಂದು ಕೈ ಹಗ್ಗದ ಮೇಲೆ. ಎದೆಮಟ್ಟದ ನೀರಿನಲ್ಲಿ ಹೆಜ್ಜೆ, ಮತ್ತೊಂದು ಹೆಜ್ಜೆ. ಒಂದು ಚಪ್ಪಲಿ, ಅಡುಗೆಯ ಒಂದು ಪಾತೆಲೆ ಪಕ್ಕದಲ್ಲೇ ತೇಲಿ ಬಂದವು. ಅರ್ಧ ದಾರಿಯಲ್ಲಿ ಆಜಿ ಏನೋ ಹೇಳಿದರು. ಕೇಳಿಸಲಿಲ್ಲ ಎಂದು ಜಲಜಾಕ್ಷಿ ಬಾಗಿದಳು.

"ಗುಡಘೇ ದುಖತ್ ನಾಹೀತ್" ಎಂದರು ಆಜಿ, ಬೆರಗಿನಿಂದ. ಮಂಡಿ ನೋಯುತ್ತಿಲ್ಲ! ಎಷ್ಟೋ ವರ್ಷಗಳಿಂದ ಬಿಡದೆ ಹಿಂಡಿದ ನೋವು ಆ ಗಲೀಜು ನೀರಿನ ಮೇಲೆ ಮಲಗಿದ ಗಳಿಗೆಯಲ್ಲಿ ಬಿಟ್ಟುಹೋಗಿತ್ತು. ಜಲಜಾಕ್ಷಿಗೆ ಎಲ್ಲಿಲ್ಲದ ನಗು ಬಂತು. ಅವಳು ನಕ್ಕದ್ದು ಕಂಡು ಆಜಿಯೂ ನಕ್ಕರು. ಮೆಟ್ಟಿಲ ಹತ್ತಿರ ನಿಂತ ಮಹಾದೇವಪ್ಪನವರಿಗೆ ಇವರಿಗೆ ಏನಾಯಿತೆಂದೇ ತಿಳಿಯಲಿಲ್ಲ.

ಮಹಾದೇವಪ್ಪ ಮುಖ ಆಚೆ ತಿರುಗಿಸಿ ನಿಂತರು. ಹೆಂಗಸರು ಇಳಿದು ಬಂದು ಆಜಿಯನ್ನು ಕೂರಿಸಿ, ಹೊದಿಕೆ ಸರಿಪಡಿಸಿ, ಒಂದೊಂದೇ ಮೆಟ್ಟಿಲು ಕೂತು ಕೂತೇ ಹತ್ತಿಸಿದರು. ಆಜಿಯ ಸೀರೆಯ ಒಂದು ನೆರಿಗೆಯೂ ಜಾರಿರಲಿಲ್ಲ.

ಮಹಾದೇವಪ್ಪನವರ ಮನೆಯಲ್ಲಿ ಎಲ್ಲರೂ ಒತ್ತೊತ್ತಾಗಿ ಕೂತರು. ಅವರ ಹೆಂಡತಿ ರೊಟ್ಟಿ ಬಡಿಯುತ್ತಿದ್ದರು, ಯಾರೋ ಶೇಂಗಾ ಚಟ್ನಿ ತಂದರು, ಯಾರೋ ಒಣ ಬಟ್ಟೆ ತಂದರು. ಮೇಲಿಟ್ಟಿದ್ದ ಗಿರಾಕಿಗಳ ಸೀರೆ ಕಟ್ಟಿನ ಮೇಲೆ ತಲೆಯಿಟ್ಟು ಜಲಜಾಕ್ಷಿ ಹಾಗೇ ಮಲಗಿಬಿಟ್ಟಳು. ಎದ್ದಾಗ ಸಾಯಂಕಾಲದ ಬೆಳಕು. ಕಾಲ ಬಳಿ ಚೆನ್ನಯ ಕೂತಿದ್ದ. ಪ್ಯಾಂಟು ತೊಡೆಯ ತನಕ ಕೆಸರು. ಡೊಂಬಿವಿಲಿಯಲ್ಲಿ ರೈಲು ನಿಂತಿತ್ತಂತೆ, ಹಳಿಯ ಮೇಲೆಯೇ ಜನರ ಜೊತೆ ನಡೆದು ಬಂದಿದ್ದ.

"ಮಹಾದೇವಪ್ಪ ಎಲ್ಲ ಹೇಳಿದರು" ಎಂದ. ಅವಳ ಪಾದ ಎರಡೂ ಅಂಗೈಯಲ್ಲಿ ಹಿಡಿದು ಕೂತ. ಪಾದ ತರಚಿತ್ತು. "ಮುಲಾಮು ಉಂಟಾ ಕೇಳುವಾ" ಎಂದು ಎದ್ದುಹೋದ.

ನಿಶ್ಮಿತಾಳ ಫೋನು ತಾಗಿದಾಗ ಅವಳು ಅಳುತ್ತಿದ್ದಳು. "ಮಮ್ಮಿ, ತೂ ಪಾಗಲ್ ಹೈ ಕ್ಯಾ? ನೀರಿಗೆ ಯಾಕೆ ಇಳಿದದ್ದು?"

"ಮ್ಹಾತ್ರೆ ಮೇಡಂಗೆ ಹೇಳಬೇಡ ಮಗಾ, ಬೈತಾರೆ" ಎಂದಳು ಜಲಜಾಕ್ಷಿ.

ಹೇಳದೆ ಇರುವುದಾಗಲಿಲ್ಲ. ತಾನೇ ಹೋಗಿ ಹೇಳಿದಳು. ಮೇಡಂ ಬೈದರು, ಚೆನ್ನಾಗಿಯೇ ಬೈದರು. ಕರೆಂಟು ಹೋಗಿತ್ತು ಎನ್ನುವುದು ಖಾತ್ರಿ ಇತ್ತಾ, ಕಾಲ ಕೆಳಗೆ ಗುಂಡಿಯಿಲ್ಲ ಎನ್ನುವುದು ಖಾತ್ರಿ ಇತ್ತಾ ಎಂದು ಒಂದೊಂದೇ ಕೇಳಿದರು. ಸ್ವಿಚ್ಚಿನದು, ಹಗ್ಗದ್ದು, ಗೋಡೆಯದು ಎಲ್ಲ ಹೇಳಿದ ಮೇಲೆ ಸ್ವಲ್ಪ ತಣ್ಣಗಾದರು. ಆಮೇಲೆ ಬಟ್ಟೆ ಬದಲಿಸುವ ಕೋಣೆಗೆ ಹೋದವರು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಬಂದಾಗ ಕಣ್ಣು ಕೆಂಪಾಗಿತ್ತು. "ಚಲ್, ಪಾಣ್ಯಾತ್ ಉತರ್", ನಡಿ, ನೀರಿಗಿಳಿ ಎಂದು ಸೀಟಿ ಊದಿದರು.

ಕೆಸರು ತೆಗೆಯಲು ಒಂದು ವಾರ ಹಿಡಿಯಿತು. ಈ ಸಲ ಮಿಷನ್ನು ಉಳಿದಿತ್ತು, ಸೀರೆಗಳು ಉಳಿದಿದ್ದವು, ಎಲ್ಲಕ್ಕಿಂತ ಹೆಚ್ಚಾಗಿ, ಜಲಜಾಕ್ಷಿಯ ಪಾದದ ತರಚು ಬಿಟ್ಟರೆ ಚಾಳಿನ ಒಬ್ಬರ ಮೈಮೇಲೂ ಗಾಯವಿರಲಿಲ್ಲ. ಇಂದೂ ಆಜಿ ಈಗ ಜೂನ್ ಶುರುವಾಗುತ್ತಿದ್ದಂತೆ ಯಾರೂ ಕರೆಯದೆಯೇ ಮೇಲಿನ ಮನೆಗೆ ಹೋಗಿ ಇರುತ್ತಾರೆ. ಮಹಾದೇವಪ್ಪನವರ ಹೆಂಡತಿಗೆ ಮರಾಠಿ ಅಭಂಗ ಕಲಿಸುತ್ತ, ಅವರ ರೊಟ್ಟಿಯಲ್ಲಿ ಹುಳುಕು ಹುಡುಕುತ್ತ ಸುಖವಾಗಿದ್ದಾರೆ. ಕಳೆದ ಬೇಸಿಗೆಯಲ್ಲಿ ಚಾಳಿನ ಇನ್ನೂ ಕೆಲವು ಹೆಂಗಸರು ಜಲಜಾಕ್ಷಿಯ ಜೊತೆ ಡೊಂಬಿವಿಲಿಗೆ ಹೋದರು. ಎಲ್ಲರ ಉಡುಪೂ ಅವಳೇ ಹೊಲಿದದ್ದು.

ರೀಡೆವಲಪ್‌ಮೆಂಟ್ ಇನ್ನೂ ಮಾತಿನಲ್ಲೇ ಇದೆ. ನೀರು ಇನ್ನೊಂದು ವರ್ಷ ಬಂದೇ ಬರುತ್ತದೆ, ಅದು ಅವಳಿಗೆ ಗೊತ್ತು. ಹೆದರಿಕೆ ಪೂರ್ತಿ ಹೋಗಿದೆಯೇ ಎಂದು ಯಾರಾದರೂ ಕೇಳಿದರೆ ಇಲ್ಲ ಎನ್ನುತ್ತಾಳೆ. ಹೋಗುವುದೂ ಬೇಡವಂತೆ, ಇರಲಿ, ಮೊದಲೇ ಎಬ್ಬಿಸುತ್ತದೆ ಎನ್ನುತ್ತಾಳೆ.

ಈ ವರ್ಷವೂ ಜುಲೈಯಲ್ಲಿ ಒಂದು ದಿನ ರೆಡ್ ಅಲರ್ಟ್ ಬಂತು. ಈ ಸಲ ಚೆನ್ನಯ ಬೇಗನೆ ರಜೆ ಹಾಕಿ ಬಂದಿದ್ದ. ಎಲ್ಲರೂ ಮೇಲೆ ಹತ್ತಿದರು, ಕೂತರು, ಮಳೆ ನೋಡಿದರು, ಕಾದರು. ನದಿ ಉಬ್ಬಿ ಗೋಡೆಯ ಬುಡದ ತನಕ ಬಂದು, ಏನೋ ಯೋಚಿಸಿದಂತೆ ಅಲ್ಲೇ ನಿಂತು, ಮಧ್ಯಾಹ್ನದ ಮೇಲೆ ಇಳಿಯಿತು. ಗಂಡ ಹೆಂಡತಿ ಸಾಮಾನು ಹೊತ್ತುಕೊಂಡು ಕೆಳಗೆ ಬಂದರು. ಜಲಜಾಕ್ಷಿ ಬಾಗಿಲು ತೆರೆದು ಚಪ್ಪಲಿ ಹೊರಗೆ ಬಿಟ್ಟು ಬರಿಗಾಲಿನಲ್ಲಿ ಒಳಗೆ ಕಾಲಿಟ್ಟಳು. ನೆಲ ಒಣಗಿತ್ತು. ಗೋಡೆಯಿಂದ ಗೋಡೆಗೆ ನಡೆದು ನೋಡಿದಳು. ಎಲ್ಲ ಕಡೆ ಒಣಗಿತ್ತು. ಎರಡೂ ಕೈ ಜೋಡಿಸಿ ಎದೆಗೆ ಒತ್ತಿಕೊಂಡಳು.

"ಚಹಾ ಇಡ್ಲಾ?" ಎಂದು ಚೆನ್ನಯ ಕೇಳಿದ.

"ಇಡಿ. ಮೇಲಿನವರಿಗೂ ಸೇರಿಸಿ ಇಡಿ" ಎಂದಳು.